ಮನೆಬಾಗಿಲಿನ ಚಿಕಿತ್ಸೆ: ರಾಮನಗರ ಸೀಮೆಯಲ್ಲಿ ಮಂಡಿನೋವಿನ ಆನ್‌ಲೈನ್ ಪುನಶ್ಚೇತನಕ್ಕೊಂದು ಐತಿಹಾಸಿಕ ಹಿನ್ನೆಲೆ

೧

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ನೆಯ ಇಸವಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದುವು. ೨೦೨೫ರಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಕೊಡಲು ಸರ್ಕಾರವು ತೀರ್ಮಾನಿಸಿತು. ಹೆಸರು ಯಾವುದಾದರೂ ಆಗಲಿ, ಈ ಸೀಮೆಯ ಜನರಿಗೂ ಬೆಂಗಳೂರಿಗೂ ಇರುವ ಸಂಬಂಧವು ಹಳೆಯದು; ರೇಷ್ಮೆಗೂಡು, ಗೊಂಬೆ, ರಾಗಿ, ಕಲ್ಲು ಇಲ್ಲಿಂದ ಅಲ್ಲಿಗೆ ಹೋಗುತ್ತವೆ, ಕಾಯಿಲೆಯೂ ಹಾಗೆಯೇ ಅಲ್ಲಿಗೇ ಹೋಗುತ್ತದೆ. ದೊಡ್ಡ ರೋಗಕ್ಕೆ ದೊಡ್ಡ ಊರಿಗೆ ಹೋಗಬೇಕೆಂಬುದು ಇಲ್ಲಿಯ ವಾಡಿಕೆ. ಆದರೆ ಕೆಲವು ರೋಗಗಳಿವೆ; ಅವು ಪ್ರಾಣವನ್ನು ತೆಗೆಯುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಅವುಗಳಿಗೆ ವಾರಕ್ಕೆರಡು ಬಾರಿಯಂತೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಹೋಗಿಬರುವುದು ಕೂಲಿಯವರಿಗೂ ಒಕ್ಕಲಿಗೂ ಸಾಧ್ಯವಾದ ಮಾತಲ್ಲ. ಮಂಡಿಯ ಅಸ್ಥಿಸಂಧಿವಾತವು, ಎಂದರೆ ಜನರು 'ಮಂಡಿ ಸವೆದಿದೆ' ಎಂದು ಹೇಳುವ ಬಾಧೆಯು, ಇಂತಹ ರೋಗಗಳಲ್ಲಿ ಮುಖ್ಯವಾದದ್ದು.

ಈ ರೋಗಕ್ಕೆ ಬೇಕಾದ ವ್ಯಾಯಾಮವನ್ನು ದೂರದಲ್ಲಿರುವ ಭೌತಚಿಕಿತ್ಸಕರು ದೂರವಾಣಿಯ ಪರದೆಯ ಮೂಲಕ ಕಲಿಸಿ, ರೋಗಿಯು ಮನೆಯಲ್ಲಿಯೇ ಅದನ್ನು ಮಾಡುವಂತೆ ನೋಡಿಕೊಳ್ಳುವ ಕ್ರಮಕ್ಕೆ ಈಚೆಗೆ ಆನ್‌ಲೈನ್ ಪುನಶ್ಚೇತನವೆಂಬ ಹೆಸರು ಬಂದಿದೆ. ಇದನ್ನು ಕುರಿತು ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಇದು ಯಂತ್ರಯುಗದ ತೀರ ಹೊಸ ಸೃಷ್ಟಿ, ಹಿಂದಿನ ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಒಂದು. ಇದು ಆಸ್ಪತ್ರೆಯ ಮುಖ ಕಾಣದ ಬಡವರಿಗೆ ಕೊಡುವ ಎರಡನೆಯ ದರ್ಜೆಯ ಪರಿಹಾರ ಎಂಬುದು ಇನ್ನೊಂದು. ಈ ಎರಡು ಅಭಿಪ್ರಾಯಗಳೂ ಇತಿಹಾಸದ ಮುಂದೆ ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಚಿಕಿತ್ಸೆಯು ರೋಗಿಯ ಮನೆಬಾಗಿಲಿಗೆ ಹೋಗಬೇಕೆಂಬ ತತ್ತ್ವವನ್ನು ಇದೇ ರಾಮನಗರದಲ್ಲಿ ಸುಮಾರು ೯೦ ವರ್ಷಗಳ ಹಿಂದೆಯೇ ಪ್ರಯೋಗಿಸಿ ನೋಡಲಾಗಿತ್ತು. ಆ ಪ್ರಯೋಗದಿಂದ ದೊರೆಯುವ ಪಾಠವು ಇಂದಿನ ಪರದೆಯ ಚಿಕಿತ್ಸೆಗೂ ಸಲ್ಲುತ್ತದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ರೋಗದ ವಿಚಾರ. ಮಂಡಿಯ ಕೀಲಿನಲ್ಲಿ ತೊಡೆಯ ಮೂಳೆಯೂ ಮೊಣಕಾಲ ಕೆಳಗಿನ ಮೂಳೆಯೂ ಕೂಡುವ ಎಡೆಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಇದು ತೆಳುವಾಗುತ್ತ ಹೋಗಿ, ಮೂಳೆಯ ಅಂಚುಗಳು ಮುಳ್ಳಿನಂತೆ ಬೆಳೆದು, ಕೀಲಿನ ಒಳಪೊರೆಯು ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಲಗುಂದುವ ಸ್ಥಿತಿಯೇ ಅಸ್ಥಿಸಂಧಿವಾತ. ನಮ್ಮ ಆಯುರ್ವೇದ ಗ್ರಂಥಗಳು ಕೀಲುಗಳಲ್ಲಿ ನೆಲೆಸಿದ ವಾತವೆಂದು ಇದಕ್ಕೆ ಸಮೀಪವಾದ ಬಾಧೆಯನ್ನು ಬಹುಕಾಲದ ಹಿಂದೆಯೇ ಗುರುತಿಸಿವೆ. ಚರಕಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಇದರ ಲಕ್ಷಣಗಳು ಬರುತ್ತವೆ. ಪಶ್ಚಿಮದ ವೈದ್ಯರು ಇದನ್ನು ಅಳೆಯುವುದಕ್ಕೆ ಕ್ಷಕಿರಣ ಚಿತ್ರವನ್ನು ಆಧಾರವಾಗಿಟ್ಟುಕೊಂಡರು. ೧೯೫೭ರಲ್ಲಿ ಕೆಲ್ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಇಂಗ್ಲೆಂಡಿನ ವೈದ್ಯರು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳನ್ನು ಗೊತ್ತುಮಾಡಿದರು; ಅವು ಇಂದಿಗೂ ಬಳಕೆಯಲ್ಲಿವೆ. ಆದರೆ ಚಿತ್ರದಲ್ಲಿ ಕಾಣುವ ಸವೆತಕ್ಕೂ ರೋಗಿಯು ಪಡುವ ನೋವಿಗೂ ನೇರವಾದ ಪ್ರಮಾಣವಿಲ್ಲವೆಂಬುದು ಮುಂದೆ ಸ್ಪಷ್ಟವಾಯಿತು. ಚಿತ್ರದಲ್ಲಿ ಹೆಚ್ಚು ಸವೆತ ಕಂಡವರು ನಡೆದಾಡುತ್ತಿರುವುದುಂಟು. ಕಡಿಮೆ ಕಂಡವರು ಮೂಲೆ ಹಿಡಿದಿರುವುದೂ ಉಂಟು.

ಇದೇ ಇಬ್ಬರು ವೈದ್ಯರು ಅದಕ್ಕೂ ಮೊದಲು, ೧೯೫೨ರಲ್ಲಿ, ಕಲ್ಲಿದ್ದಲು ಗಣಿಯ ಕೆಲಸಗಾರರನ್ನು ಪರೀಕ್ಷಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ತಗ್ಗಾದ ಗಣಿಯಲ್ಲಿ ಮಂಡಿಯೂರಿ ಕೆಲಸಮಾಡುವವರ ಕೀಲುಗಳಿಗೆ ಏನಾಗುತ್ತದೆಂಬುದು ಅವರ ಪ್ರಶ್ನೆಗಳಲ್ಲೊಂದಾಗಿತ್ತು. ಮುಂದೆ ೨೦೦೪ರಲ್ಲಿ ಪ್ರಕಟವಾದ ಬೀಜಿಂಗ್ ನಗರದ ಅಧ್ಯಯನವೊಂದು, ಯೌವನದಲ್ಲಿ ದಿನಕ್ಕೆ ಬಹಳ ಹೊತ್ತು ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಮುಪ್ಪಿನಲ್ಲಿ ಮಂಡಿಯ ಅಸ್ಥಿಸಂಧಿವಾತ ಹೆಚ್ಚೆಂದು ತಿಳಿಸಿತು. ಭಾರತದ ಐದು ಕಡೆಗಳಲ್ಲಿ, ಬೆಂಗಳೂರು ಸೇರಿದಂತೆ, ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಪರೀಕ್ಷೆಗೊಳಗಾದವರ ಪೈಕಿ ೧೦೦ಕ್ಕೆ ೨೮.೭ರಷ್ಟು ಮಂದಿಗೆ ಈ ರೋಗವಿದ್ದುದು ಕಂಡುಬಂದಿತು.

ಈ ಮಾತುಗಳನ್ನು ನಮ್ಮ ಸೀಮೆಯ ದುಡಿಮೆಯೊಡನೆ ಇಟ್ಟು ನೋಡಬೇಕು. ರಾಗಿಯ ಹೊಲದಲ್ಲಿ ಕಳೆ ಕೀಳುವ ಹೆಂಗಸು ಕುಕ್ಕುರುಗಾಲಿನಲ್ಲಿಯೇ ಸಾಲಿನಿಂದ ಸಾಲಿಗೆ ಸರಿಯುತ್ತಾಳೆ. ಹುಳು ಸಾಕುವ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ತಟ್ಟೆಗಳನ್ನು ಗುಡಿಸುವುದು, ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವುದು, ಎಲ್ಲವೂ ಕೂತು ಏಳುವ ಕೆಲಸ. ರಾಮನಗರದಲ್ಲಿ ನೂಲು ಬಿಚ್ಚುವವರು ಬಿಸಿನೀರಿನ ತೊಟ್ಟಿಯ ಮುಂದೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿರುತ್ತಾರೆ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಕುಶಲಕರ್ಮಿಗಳು ಹಳೆಯ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತೇ ಕೆಲಸಮಾಡುತ್ತಿದ್ದರು. ಕನಕಪುರದ ಕಡೆಯ ಬಂಡೆಗಳಲ್ಲಿ ಕಲ್ಲು ಒಡೆಯುವವರ ಸಂಗತಿಯನ್ನು ಬೇರೆಯಾಗಿ ಹೇಳಬೇಕಾದ್ದಿಲ್ಲ. ಇವರ ಮಟ್ಟಿಗೆ ಮಂಡಿಯೆಂಬುದು ದುಡಿಮೆಯ ಉಪಕರಣ. ಅದು ಕೆಟ್ಟರೆ ನೋವಿನೊಡನೆ ಕೂಲಿಯೂ ಹೋಗುತ್ತದೆ.

೩

ಇನ್ನು ಚಿಕಿತ್ಸೆಯ ವಿಚಾರ. ಬಹುಕಾಲ ವೈದ್ಯರೇ 'ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಹೇಳುತ್ತಿದ್ದರು. 'ಸವೆತ' ಎಂಬ ಮಾತೂ ಇದಕ್ಕೆ ಒತ್ತಾಸೆಯಾಯಿತು. ಸವೆದದ್ದನ್ನು ಮತ್ತೆ ಸವೆಸಬಾರದಷ್ಟೆ. ಗಾಡಿಯ ಅಚ್ಚಿಗೆ ಹೇಳುವ ನ್ಯಾಯವನ್ನೇ ಜನರು ಮಂಡಿಗೂ ಅನ್ವಯಿಸಿದರು. ಆದರೆ ಗಾಡಿಯ ಅಚ್ಚಿಗೆ ಜೀವವಿಲ್ಲ, ಮಂಡಿಗೆ ಜೀವವಿದೆ. ಕಾಲನ್ನು ಆಡಿಸದೆ ಬಿಟ್ಟರೆ ತೊಡೆಯ ಮುಂಭಾಗದ ಸ್ನಾಯು ಬಡವಾಗುತ್ತದೆ. ಆ ಸ್ನಾಯು ಬಡವಾದರೆ ದೇಹದ ಭಾರವೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ. ನೋವು ಇನ್ನೂ ಹೆಚ್ಚುತ್ತದೆ.

ಈ ತಿಳಿವಳಿಕೆ ಮೂಡಿದುದು ಕ್ರಮಕ್ರಮವಾಗಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಭಾರವನ್ನು ಕ್ರಮವಾಗಿ ಹೆಚ್ಚಿಸುತ್ತ ವ್ಯಾಯಾಮ ಮಾಡಿಸಿ, ಬಡವಾದ ತೊಡೆಯ ಸ್ನಾಯು ಮತ್ತೆ ಬಲಗೊಳ್ಳುವುದೆಂದು ೧೯೪೫ರಲ್ಲಿ ತೋರಿಸಿಕೊಟ್ಟನು. ನಮ್ಮ ದೇಶದಲ್ಲಿ ಪೋಲಿಯೊ ಪಿಡುಗಿನ ಕಾಲದಲ್ಲಿ, ೧೯೫೦ರ ದಶಕದ ಮೊದಲ ವರ್ಷಗಳಲ್ಲಿ, ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಭೌತಚಿಕಿತ್ಸೆಯ ಶಾಲೆಯೊಂದು ಆರಂಭವಾಗಿ, ಈ ವಿದ್ಯೆಗೆ ಭಾರತದಲ್ಲಿ ನೆಲೆ ದೊರೆಯಿತು. ಮಂಡಿನೋವಿಗೆ ಸಂಬಂಧಿಸಿದಂತೆ ೧೯೯೭ರಲ್ಲಿ ಅಮೆರಿಕದಿಂದ ಬಂದ ಪ್ರಯೋಗದ ವರದಿಯು ಮಹತ್ತ್ವದ್ದು. ೬೦ ವರ್ಷ ದಾಟಿದ ೪೩೯ ಮಂದಿಯನ್ನು ೧೮ ತಿಂಗಳು ಅನುಸರಿಸಿದ ಆ ಪ್ರಯೋಗದಲ್ಲಿ, ನಡಿಗೆಯನ್ನಾಗಲಿ ಭಾರದ ವ್ಯಾಯಾಮವನ್ನಾಗಲಿ ಮಾಡಿದವರ ನೋವೂ ಅಸಾಮರ್ಥ್ಯವೂ, ಕೇವಲ ತಿಳಿವಳಿಕೆಯನ್ನು ಪಡೆದವರಿಗಿಂತ ಕಡಿಮೆಯಾದುವು. ಇಳಿಕೆಯು ಮಿತವಾದದ್ದು, ಆದರೂ ಚಲನೆಯಿಂದ ಮಂಡಿ ಕೆಡುತ್ತದೆಂಬ ನಂಬಿಕೆಗೆ ಅದು ಉತ್ತರವಾಯಿತು.

ಇಲ್ಲೊಂದು ಮುಖ್ಯ ಸಂಗತಿಯನ್ನು ವಾಚಕರು ಗಮನಿಸಬೇಕು. ಮಾತ್ರೆಯನ್ನು ವೈದ್ಯರು ಕೊಡಬಹುದು, ಶಸ್ತ್ರಚಿಕಿತ್ಸೆಯನ್ನು ವೈದ್ಯರು ಮಾಡಬಹುದು. ವ್ಯಾಯಾಮವನ್ನು ಮಾತ್ರ ರೋಗಿಯೇ ಮಾಡಬೇಕು. ಅದು ನಡೆಯುವುದು ಮನೆಯಲ್ಲಿ, ದಿನದಿನವೂ, ತಿಂಗಳುಗಟ್ಟಲೆ. ಆದುದರಿಂದ ಮಂಡಿಯ ಪುನಶ್ಚೇತನವು ಸ್ವಭಾವತಃ ಮನೆಯ ಚಿಕಿತ್ಸೆ. ಆಸ್ಪತ್ರೆಯಲ್ಲಿ ಅದರ ಪಾಠ ಮಾತ್ರ ನಡೆಯುತ್ತದೆ.

೪

ಮನೆಯ ಚಿಕಿತ್ಸೆಯೆಂದೊಡನೆ ನಾವು ರಾಮನಗರದ ಹಳೆಯ ಆರೋಗ್ಯ ಘಟಕದ ಕಡೆಗೆ ತಿರುಗಬೇಕಾಗುತ್ತದೆ. ಆಗ ಈ ಊರಿಗೆ ಕ್ಲೋಸ್‌ಪೇಟೆಯೆಂದು ಹೆಸರು; ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಬಂದ ಹೆಸರದು. ಕನಕಪುರಕ್ಕೆ ಕಾನಕಾನಹಳ್ಳಿಯೆಂಬ ಹೆಸರಿದ್ದ ಕಾಲ. ೧೯೩೦ರ ದಶಕದಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಇಲ್ಲಿ ಗ್ರಾಮಾರೋಗ್ಯ ಘಟಕವೊಂದನ್ನು ನಡೆಸಿತು. ಭಾರತದಲ್ಲಿ ಆ ಪ್ರತಿಷ್ಠಾನದ ನೆರವು ಪಡೆದ ಇಂತಹ ಕೆಲವೇ ಘಟಕಗಳಲ್ಲಿ, ತಿರುವಾಂಕೂರಿನ ನೆಯ್ಯಾಟ್ಟಿಂಕರ, ಮದರಾಸಿನ ಪೂನಮಲ್ಲಿ, ಸಂಯುಕ್ತ ಪ್ರಾಂತದ ಪ್ರತಾಪಗಢ, ಬಂಗಾಳದ ಸಿಂಗೂರು ಮೊದಲಾದುವುಗಳೊಡನೆ, ರಾಮನಗರದ ಹೆಸರೂ ಸೇರಿತ್ತು.

ಈ ಘಟಕಗಳ ತತ್ತ್ವವು ಅಂದಿನ ಆಸ್ಪತ್ರೆಯ ಪದ್ಧತಿಗೆ ವಿರುದ್ಧವಾದದ್ದು. ರೋಗಿಯು ಬರಲಿಯೆಂದು ಕಾಯದೆ ಆರೋಗ್ಯ ಸಿಬ್ಬಂದಿಯೇ ಹಳ್ಳಿಗೆ ಹೋಗಬೇಕು. ಗೊತ್ತಾದ ಒಂದು ಪ್ರದೇಶದ ಜನರ ಹೊಣೆಯನ್ನು ಹೊರಬೇಕು. ಜನನ ಮರಣಗಳ ಲೆಕ್ಕವಿಡಬೇಕು. ಬಾಣಂತಿಯನ್ನೂ ಮಗುವನ್ನೂ ಮನೆಯಲ್ಲಿ ಕಾಣಬೇಕು. ದೇವಿ ಹಾಕುವುದು, ಮಲೇರಿಯ ತಡೆಯುವುದು, ಕೊಕ್ಕೆಹುಳುವಿಗಾಗಿ ಕಕ್ಕಸು ಕಟ್ಟಿಸುವುದು ಇವೆಲ್ಲವನ್ನೂ ಒಂದೇ ಕೈಯಿಂದ ನಡೆಸಬೇಕು. ವೈದ್ಯಾಧಿಕಾರಿಯು ಕೇಂದ್ರದಲ್ಲಿದ್ದರೂ ಕೆಲಸದ ಬಹುಭಾಗವನ್ನು ನಡೆಸುತ್ತಿದ್ದವರು ಸೂಲಗಿತ್ತಿಯ ವಿದ್ಯೆ ಕಲಿತ ದಾದಿಯರು ಮತ್ತು ನೈರ್ಮಲ್ಯ ಪರಿವೀಕ್ಷಕರು. ವೈದ್ಯರ ವಿದ್ಯೆಯು ಅವರ ಮೂಲಕವೇ ಮನೆಬಾಗಿಲನ್ನು ಮುಟ್ಟುತ್ತಿತ್ತು. ೧೯೪೩ರಲ್ಲಿ ನೇಮಕವಾದ ಭೋರ್ ಸಮಿತಿಯು ೧೯೪೬ರಲ್ಲಿ ವರದಿ ಕೊಟ್ಟು ದೇಶಕ್ಕೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸೂಚಿಸಿದಾಗ ಅದರ ಮುಂದೆ ಇಂತಹ ಘಟಕಗಳ ಅನುಭವವಿತ್ತು. ೧೯೫೨ರ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಆ ಕೇಂದ್ರಗಳು ಹಳ್ಳಿಗಾಡಿನಲ್ಲಿ ಕಾಲಿಟ್ಟವು.

ಆದರೆ ಈ ಏರ್ಪಾಡಿನೊಳಗೆ ಮಂಡಿಗೆ ಸ್ಥಳವಿರಲಿಲ್ಲ. ಸಾಂಕ್ರಾಮಿಕ ರೋಗ, ತಾಯಿ ಮಗುವಿನ ರಕ್ಷಣೆ, ಮುಂದೆ ಕುಟುಂಬ ಯೋಜನೆ, ಇವುಗಳೇ ಅದರ ಹೊಣೆಗಳು. ಅದು ತಪ್ಪೆಂದು ನಾವು ಹೇಳುತ್ತಿಲ್ಲ. ಸಣ್ಣ ವಯಸ್ಸಿನಲ್ಲಿಯೇ ಜನರು ಸಾಯುತ್ತಿದ್ದ ನಾಡಿನಲ್ಲಿ ಮುಪ್ಪಿನ ನೋವು ಹಿಂದೆ ಬೀಳುವುದು ಸಹಜ. ಹೀಗೆ, ಮನೆಗೆ ಹೋಗುವ ಪದ್ಧತಿಯಿದ್ದ ಕಾಲದಲ್ಲಿ ಮಂಡಿಯ ಚಿಕಿತ್ಸೆ ಅದರಲ್ಲಿ ಸೇರಲಿಲ್ಲ; ಮಂಡಿಯ ಚಿಕಿತ್ಸೆ ಬೆಳೆದ ಕಾಲದಲ್ಲಿ ಅದು ನಗರದ ಆಸ್ಪತ್ರೆಗಳಲ್ಲಿಯೇ ಉಳಿಯಿತು. ಈ ಎರಡು ಧಾರೆಗಳು ಕೂಡಲಿಲ್ಲವೆಂಬುದೇ ನಮ್ಮ ಕಥೆಯ ತಿರುಳು.

೫

ದೂರವನ್ನು ವಿದ್ಯುತ್ತಿನಿಂದ ದಾಟುವ ಯತ್ನವು ಕರ್ನಾಟಕದಲ್ಲಿ ಹೃದಯದ ಚಿಕಿತ್ಸೆಯಿಂದ ಮೊದಲಾಯಿತು. ೨೦೦೨ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಅಲ್ಲಿ ಆಸ್ಪತ್ರೆಯು ಆಸ್ಪತ್ರೆಯೊಡನೆ ಮಾತನಾಡಿತು. ಮನೆಯೊಡನೆ ಮಾತನಾಡುವ ಸೌಕರ್ಯವು ಬಂದುದು ಕೈಯಲ್ಲಿ ಹಿಡಿಯುವ ದೂರವಾಣಿಯು ಹರಡಿದ ಮೇಲೆಯೇ. ಭಾರತ ಸರ್ಕಾರದ ಇ-ಸಂಜೀವಿನಿಯು ೨೦೧೯ರ ನವೆಂಬರಿನಲ್ಲಿ ಆರೋಗ್ಯ ಕೇಂದ್ರಗಳನ್ನು ವೈದ್ಯರೊಡನೆ ಜೋಡಿಸುವ ವ್ಯವಸ್ಥೆಯಾಗಿ ಆರಂಭವಾಗಿ, ೨೦೨೦ರ ಏಪ್ರಿಲ್ ೧೩ರಂದು ಮನೆಯಲ್ಲಿರುವ ರೋಗಿಗೂ ತೆರೆಯಿತು. ಕೊರೋನಾ ಪಿಡುಗಿಗಾಗಿ ದೇಶವು ಬಾಗಿಲು ಮುಚ್ಚಿದ ೨೦೨೦ರ ಮಾರ್ಚ್ ೨೫ರಂದೇ ದೂರವೈದ್ಯದ ನಿಯಮಾವಳಿಯೂ ಹೊರಬಿದ್ದಿತು. ಆ ನಿಯಮಾವಳಿಯು ನೋಂದಾಯಿತ ವೈದ್ಯರನ್ನು ಕುರಿತದ್ದು, ಭೌತಚಿಕಿತ್ಸಕರನ್ನು ಕುರಿತದ್ದಲ್ಲ. ಅವರ ವೃತ್ತಿಯನ್ನು ಒಳಗೊಂಡ ಕೇಂದ್ರ ಕಾಯಿದೆಯು ಬಂದದ್ದು ೨೦೨೧ರಲ್ಲಿ.

ದೂರದಿಂದ ಮಂಡಿಯನ್ನು ನೋಡಿಕೊಳ್ಳಬಹುದೆ ಎಂಬ ಪ್ರಶ್ನೆಗೆ ಹೊರದೇಶಗಳಿಂದ ಉತ್ತರ ದೊರೆತಿದೆ. ಅಮೆರಿಕದ ಇಂಡಿಯಾನ ಪ್ರಾಂತದಲ್ಲಿ ೧೯೮೯ರಷ್ಟು ಹಿಂದೆಯೇ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಜನರು ಸಂಧಿವಾತದ ರೋಗಿಗಳನ್ನು ಕಾಲಕಾಲಕ್ಕೆ ದೂರವಾಣಿಯಲ್ಲಿ ವಿಚಾರಿಸಿದುದರಿಂದಲೇ ಅವರ ನೋವು ಕಡಿಮೆಯಾಗಿ ಓಡಾಟ ಸುಧಾರಿಸಿತು. ೨೦೧೭ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ೧೪೮ ಮಂದಿಯ ಪ್ರಯೋಗವೊಂದರಲ್ಲಿ ಪರದೆಯ ಮೂಲಕ ಭೌತಚಿಕಿತ್ಸಕರ ಮಾರ್ಗದರ್ಶನ ಪಡೆದವರಿಗೆ ಬರಿಯ ಓದುವ ಸಾಮಗ್ರಿ ಪಡೆದವರಿಗಿಂತ ಹೆಚ್ಚು ಗುಣವಾದುದನ್ನು ಕಂಡರು. ಅದೇ ದೇಶದಲ್ಲಿ ೩೯೪ ಮಂದಿಯ ಮೇಲೆ ನಡೆದು ೨೦೨೪ರಲ್ಲಿ ಪ್ರಕಟವಾದ ಪ್ರಯೋಗವು, ಪರದೆಯ ಮೂಲಕ ಪಡೆದ ಭೌತಚಿಕಿತ್ಸೆಯು ಎದುರಿಗೆ ಕುಳಿತು ಪಡೆದುದಕ್ಕಿಂತ ಕೀಳಲ್ಲವೆಂದು ತೋರಿಸಿತು. ಆದಕಾರಣ ಇದು ಎರಡನೆಯ ದರ್ಜೆಯ ಪರಿಹಾರವೆಂಬ ಆಕ್ಷೇಪಣೆಯು ನಿಲ್ಲಲಾರದು. ಆದರೆ ಈ ಮೂರರಲ್ಲಿಯೂ ಸಮಾನವಾದ ಒಂದು ಅಂಶವಿದೆ: ಗುಣವು ಬಂದುದು ಯಂತ್ರದಿಂದಲ್ಲ, ಯಂತ್ರದ ಆಚೆಗೆ ಕುಳಿತು ಹೆಸರು ಹಿಡಿದು ವಿಚಾರಿಸುತ್ತಿದ್ದ ಮನುಷ್ಯರಿಂದ.

೬

ಈ ಫಲಿತಾಂಶವನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಾಗೆಯೇ ತಂದು ಕೂರಿಸಲು ಬರುವುದಿಲ್ಲ. ಅಡ್ಡಿಗಳು ಮೂರು.

ಮೊದಲನೆಯದು ದಾರಿ. ಬೆಂಗಳೂರು ಮೈಸೂರು ರೈಲುದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಹಾದು ೧೮೮೨ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ಮಾಗಡಿಗೂ ಕನಕಪುರಕ್ಕೂ ರೈಲು ಬರಲಿಲ್ಲ. ೨೦೨೩ರಲ್ಲಿ ತೆರೆದ ದಶಪಥ ಹೆದ್ದಾರಿಯಲ್ಲಿ ಅದೇ ವರ್ಷದ ಆಗಸ್ಟ್ ತಿಂಗಳಿಂದ ದ್ವಿಚಕ್ರ ವಾಹನಕ್ಕೂ ಆಟೋರಿಕ್ಷಾಕ್ಕೂ ಪ್ರವೇಶವನ್ನು ನಿಷೇಧಿಸಲಾಯಿತು. ಕಾರುಳ್ಳವರಿಗೆ ಬೆಂಗಳೂರು ಹತ್ತಿರವಾಯಿತು. ಮಂಡಿ ನೋಯುವ ಮುದುಕಿಯು ಬಸ್ಸಿನ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು. ಈ ಒಂದು ಅಡ್ಡಿಯನ್ನು ಪರದೆಯ ಚಿಕಿತ್ಸೆಯು ನಿಜವಾಗಿ ನಿವಾರಿಸಬಲ್ಲುದು.

ಎರಡನೆಯದು ಪರದೆಯ ಒಡೆತನ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತಾವೇ ಬಳಸುವ ಮೊಬೈಲ್ ದೂರವಾಣಿಯುಳ್ಳ ಹೆಂಗಸರು ೧೦೦ಕ್ಕೆ ಸುಮಾರು ೫೪. ಈ ಲೆಕ್ಕವು ೧೫ರಿಂದ ೪೯ ವರ್ಷದವರದು. ಮಂಡಿನೋವು ಹೆಚ್ಚಾಗಿ ಬರುವುದು ಆ ವಯಸ್ಸು ದಾಟಿದವರಿಗೆ. ಮನೆಯಲ್ಲಿರುವ ಒಂದು ದೂರವಾಣಿಯು ಮಗನ ಜೇಬಿನಲ್ಲಿ ಬೆಂಗಳೂರಿನ ಕಾರ್ಖಾನೆಗೆ ಹೋಗಿರುವಾಗ ಹಗಲು ಹೊತ್ತಿನ ಪಾಠವನ್ನು ಯಾರು ಕೇಳಬೇಕು?

ಮೂರನೆಯದು ಅಳತೆಗೋಲು. ಮಂಡಿರೋಗಿಯ ಸಾಮರ್ಥ್ಯವನ್ನು ಅಳೆಯಲು ಲೋಕದಲ್ಲೆಲ್ಲ ಬಳಸುವ ವೋಮ್ಯಾಕ್ ಎಂಬ ಪ್ರಶ್ನಾವಳಿಯು ೧೯೮೦ರ ದಶಕದಲ್ಲಿ ಕೆನಡದಲ್ಲಿ ಹುಟ್ಟಿದ್ದು. ೨೪ ಪ್ರಶ್ನೆಗಳ ಅದರಲ್ಲಿ ಕಾರಿನೊಳಗೆ ಹತ್ತಿ ಇಳಿಯುವುದು, ಕಾಲುಚೀಲ ತೊಡುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಇವೆಲ್ಲ ಬರುತ್ತವೆ. ಕುಕ್ಕುರುಗಾಲಿನಲ್ಲಿ ಕೂತು ಏಳುವುದು ಬರುವುದಿಲ್ಲ. ನಮ್ಮಲ್ಲಿ ಕೇಳಬೇಕಾದುದು ಬೇರೆ: ಒಲೆಯ ಮುಂದೆ ಕೂರಬಲ್ಲಿರಾ? ಊಟಕ್ಕೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಬಲ್ಲಿರಾ? ಸೊಪ್ಪಿನ ಹೊರೆ ಹೊತ್ತು ಬದುವನ್ನು ದಾಟಬಲ್ಲಿರಾ? ವ್ಯಾಯಾಮದ ಪಾಠವೂ ಹೀಗೆಯೇ. ಕುರ್ಚಿಯಿಂದ ಕೈಯೂರದೆ ಏಳುವುದು ಅದರ ಮೊದಲ ಪಾಠಗಳಲ್ಲೊಂದು. ಕುರ್ಚಿಯಿಲ್ಲದ ಮನೆಯಲ್ಲಿ ಜಗಲಿಯಿದೆ. ಅದರ ಎತ್ತರವು ಸಾಲದಿದ್ದರೆ ಒಂದು ಮಣೆಯನ್ನಿಟ್ಟು ಏರಿಸಿಕೊಳ್ಳಬಹುದು. ಇದನ್ನು ಹೇಳಬಲ್ಲವರು ಆ ಮನೆಯನ್ನು ಕಂಡವರು.

ಇಲ್ಲಿಯೇ ಹಳೆಯ ಘಟಕದ ಪಾಠವು ಒದಗಿಬರುತ್ತದೆ. ೧೯೩೦ರ ದಶಕದಲ್ಲಿ ವೈದ್ಯರಿಗೂ ಮನೆಗೂ ನಡುವೆ ದಾದಿಯಿದ್ದಂತೆ, ಇಂದು ಪರದೆಗೂ ರೋಗಿಗೂ ನಡುವೆ ಒಬ್ಬರು ಇರಬೇಕು. ೨೦೨೦ರ ನಿಯಮಾವಳಿಯು ಆರೋಗ್ಯ ಕಾರ್ಯಕರ್ತರ ಮೂಲಕ ರೋಗಿಯು ವೈದ್ಯರೊಡನೆ ಮಾತನಾಡುವುದಕ್ಕೆ ಅವಕಾಶ ಕೊಟ್ಟಿದೆ. ಇ-ಸಂಜೀವಿನಿಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯು ರೋಗಿಯ ಪಕ್ಕದಲ್ಲಿ ಕುಳಿತು ವೈದ್ಯರನ್ನು ಕಾಣಿಸುವ ಕ್ರಮವಿದೆ. ೨೦೦೫ರಿಂದೀಚೆಗೆ ಆಶಾ ಕಾರ್ಯಕರ್ತೆಯು ಮನೆಮನೆಯನ್ನೂ ಬಲ್ಲವಳಾಗಿದ್ದಾಳೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೭೮ರ ಆಲ್ಮಾ ಆಟಾ ಘೋಷಣೆಯ ತರುವಾಯ ಬೆಳೆಸಿದ ಸಮುದಾಯ ಪುನಶ್ಚೇತನದ ಪದ್ಧತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯವರಲ್ಲಿಯೇ ಒಬ್ಬರನ್ನು ಶಿಕ್ಷಕರನ್ನಾಗಿ ಮಾಡಬಹುದೆಂದು ಹೇಳಿತು. ಸೊಸೆಯಾಗಲಿ ಮೊಮ್ಮಗನಾಗಲಿ ವಾರಕ್ಕೊಮ್ಮೆ ಪರದೆಯ ಪಾಠವನ್ನು ಕೇಳಿಕೊಂಡು ದಿನವೂ ಎಣಿಸಿ ಮಾಡಿಸಿದರೆ ಸಾಕು.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಆಶಾ ಕಾರ್ಯಕರ್ತೆಯ ಮೇಲೆ ಹೊರೆ ಈಗಾಗಲೇ ಹೆಚ್ಚಾಗಿದೆ; ಸಂಭಾವನೆಯಿಲ್ಲದೆ ಇನ್ನೊಂದನ್ನು ಹೇರಿದರೆ ಕೆಲಸವು ಕಾಗದದ ಮೇಲೆ ಉಳಿಯುತ್ತದೆ. ಪರದೆಯಿದೆಯೆಂಬ ಕಾರಣದಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಭೌತಚಿಕಿತ್ಸಕರನ್ನು ನೇಮಿಸದೆ ಬಿಡುವುದೂ ಕೂಡದು. ಮಂಡಿಯು ಏಕಾಏಕಿ ಕೆಂಪಾಗಿ ಊದಿ ಜ್ವರ ಬಂದರೆ, ಬಿದ್ದು ಪೆಟ್ಟಾಗಿ ಕಾಲೂರಲು ಆಗದಿದ್ದರೆ, ಮೀನಖಂಡವು ಊದಿದರೆ, ಪರದೆಯನ್ನು ಬಿಟ್ಟು ವೈದ್ಯರ ಕೈಗೇ ಹೋಗಬೇಕು. ಹಾಗೆ ಕಳುಹಿಸುವ ದಾರಿಯು ತೆರೆದಿರಬೇಕು.

೭

ಮೇಲಿನ ವಿಚಾರದಿಂದ ನಾವು ತಲುಪುವ ನಿರ್ಣಯವಿಷ್ಟು. ಆನ್‌ಲೈನ್ ಪುನಶ್ಚೇತನವು ಈ ಸೀಮೆಗೆ ಹೊರಗಿನಿಂದ ಬಂದ ಅದ್ಭುತವೂ ಅಲ್ಲ, ಬಡವರ ಪಾಲಿನ ಉಳಿಕೆಯೂ ಅಲ್ಲ. ಮನೆಗೆ ಹೋಗುವ ಆರೋಗ್ಯಸೇವೆ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಎಂಬ ಎರಡು ಧಾರೆಗಳು ಪ್ರತ್ಯೇಕವಾಗಿ ಹರಿದು ಬಂದಿದ್ದವು. ಅವುಗಳನ್ನು ಕೂಡಿಸುವ ಸಂದರ್ಭವು ಈಗ ಒದಗಿದೆ. ಕೂಡಿಸುವ ಕೆಲಸವನ್ನು ಯಂತ್ರವೊಂದೇ ಮಾಡಲಾರದು. ಕ್ಲೋಸ್‌ಪೇಟೆಯ ಘಟಕವು ನಡೆದುದು ಹಳ್ಳಿಯ ದಾರಿಯಲ್ಲಿ ನಡೆದು ಹೋಗಿ ಬಾಗಿಲು ತಟ್ಟಿದ ದಾದಿಯರಿಂದ. ಅವರ ಸ್ಥಾನದಲ್ಲಿ ಇಂದು ಯಾರು ನಿಲ್ಲುತ್ತಾರೆ, ಅವರಿಗೆ ತರಬೇತಿ ಮತ್ತು ಸಂಬಳ ಯಾರಿಂದ, ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವವರೆಗೆ ಈ ಚಿಕಿತ್ಸೆಯ ಗೆಲುವು ಸೋಲುಗಳನ್ನು ನಿರ್ಣಯಿಸಲಾಗದು. ಈ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಹಿರಿಯರ ದುಡಿಮೆ, ಭಂಗಿ, ನೋವುಗಳನ್ನು ಅವರ ಮಾತಿನಲ್ಲಿಯೇ ಬರೆದಿಡಲು ತೊಡಗಿದರೆ, ಹೊಸ ಪ್ರಶ್ನಾವಳಿಗೂ ಹೊಸ ಪಾಠಕ್ಕೂ ಬೇಕಾದ ಸಾಮಗ್ರಿಯು ಇಲ್ಲಿಯೇ ದೊರೆಯುತ್ತದೆ. ಅಂತಹ ಕೆಲಸಕ್ಕೆ ಈ ಲೇಖನವು ಪೀಠಿಕೆಯಾದರೆ ನಮ್ಮ ಶ್ರಮವು ಸಾರ್ಥಕ.